ಮುನ್ಸೂಚನೆ ಇತ್ತು, ಹೆದ್ದಾರಿ ತೆರೆದೇ ಇತ್ತು

ಚಳಿಗಾಲ ಬಂತೆಂದರೆ ಅಮೆರಿಕದಿಂದ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೆದ್ದಾರಿಯೊಂದರಲ್ಲಿ ಹತ್ತಾರು ವಾಹನಗಳು ಒಂದಕ್ಕೊಂದು ಅಪ್ಪಳಿಸಿರುತ್ತವೆ, ಇಲ್ಲವೇ ನೂರಾರು ಜನರು ಹಿಮದ ನಡುವೆ ಸಿಲುಕಿ ಕಾರಿನೊಳಗೇ ರಾತ್ರಿ ಕಳೆದಿರುತ್ತಾರೆ. ಇಂಥ ಸುದ್ದಿಯನ್ನು ಕೊನೆಯವರೆಗೆ ಓದಿದರೆ ಅಲ್ಲಿ ಗೊಂದಲ ಹುಟ್ಟಿಸುವ ಒಂದು ಸಾಲು ಹಲವು ಸಲ ಕಣ್ಣಿಗೆ ಬೀಳುತ್ತದೆ: ಹವಾಮಾನ ಸಂಸ್ಥೆ ಮೊದಲೇ ಎಚ್ಚರಿಕೆ ನೀಡಿತ್ತು. ಉಪಗ್ರಹ, ರೇಡಾರ್, ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುವ ದೇಶದಲ್ಲಿ, ಎಚ್ಚರಿಕೆಯೂ ಹೊರಟ ಮೇಲೆ, ಇಷ್ಟು ವಾಹನಗಳು ಆ ದಾರಿಯಲ್ಲಿ ಇದ್ದದ್ದಾದರೂ ಏಕೆ?

2022ರ ಮಾರ್ಚ್ 28ರ ಬೆಳಿಗ್ಗೆ ಪೆನ್ಸಿಲ್ವೇನಿಯಾದ ಸ್ಕೂಲ್‌ಕಿಲ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ), ಅಂತರರಾಜ್ಯ ಹೆದ್ದಾರಿ 81ರಲ್ಲಿ ನಡೆದದ್ದು ಇದಕ್ಕೆ ನೇರ ಉದಾಹರಣೆ. ದಿಢೀರನೆ ಬೀಸಿದ ಹಿಮಗಾಳಿಯಲ್ಲಿ ಸುಮಾರು 80 ವಾಹನಗಳು ಸರಣಿಯಾಗಿ ಡಿಕ್ಕಿ ಹೊಡೆದವು, ಟ್ರಕ್ಕುಗಳಿಗೆ ಬೆಂಕಿ ಹತ್ತಿತು, 6 ಮಂದಿ ಸತ್ತರು. ಹಿಮಗಾಳಿಯ ಎಚ್ಚರಿಕೆ ಆ ಹೊತ್ತಿಗೆ ಜಾರಿಯಲ್ಲಿತ್ತು. ಮುನ್ಸೂಚನೆ ತಪ್ಪಿರಲಿಲ್ಲ, ತಡವೂ ಆಗಿರಲಿಲ್ಲ. ಆದರೂ ಆ ಮಾತು ವೇಗವಾಗಿ ಬರುತ್ತಿದ್ದ ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವಂತೆ ಮಾಡಲಿಲ್ಲ.

ಇದನ್ನು ಚಾಲಕರ ಅಜಾಗರೂಕತೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ಅಂದಾಜಿನ ಪ್ರಕಾರ, ಹಿಮ ಮತ್ತು ಮಂಜುಗಡ್ಡೆ ಕವಿದ ರಸ್ತೆಗಳ ಅಪಘಾತಗಳಲ್ಲಿ ಆ ದೇಶದಲ್ಲಿ ಪ್ರತಿವರ್ಷ 1,300ಕ್ಕೂ ಹೆಚ್ಚು ಜನ ಸಾಯುತ್ತಾರೆ, 1,16,000ಕ್ಕೂ ಹೆಚ್ಚು ಜನ ಗಾಯಗೊಳ್ಳುತ್ತಾರೆ. ಇಷ್ಟು ದೊಡ್ಡ ಸಂಖ್ಯೆ ವರ್ಷ ವರ್ಷವೂ ಉಳಿದುಕೊಂಡಿರುವಾಗ, ಅದರ ಕಾರಣವನ್ನು ಒಬ್ಬೊಬ್ಬ ಚಾಲಕನ ಸ್ವಭಾವದಲ್ಲಿ ಹುಡುಕುವುದಕ್ಕಿಂತ, ಆಕಾಶ ನೋಡುವ ಸಂಸ್ಥೆಗೂ ರಸ್ತೆ ನೋಡುವ ಸಂಸ್ಥೆಗೂ ನಡುವೆ ಇರುವ ಖಾಲಿ ಜಾಗದಲ್ಲಿ ಹುಡುಕುವುದು ಹೆಚ್ಚು ಫಲ ಕೊಡುತ್ತದೆ.

ಗಾಳಿಯ ಉಷ್ಣತೆ, ಡಾಂಬರಿನ ಉಷ್ಣತೆ

ಮೊದಲು ತಿಳಿಯಬೇಕಾದದ್ದು, ಹವಾಮಾನ ಮುನ್ಸೂಚನೆ ಹೇಳುವುದು ಗಾಳಿಯ ಸ್ಥಿತಿಯನ್ನು. ಟಿ.ವಿ.ಯಲ್ಲಿ ಕಾಣುವ ಉಷ್ಣತೆಯನ್ನು ನೆಲದಿಂದ ಸುಮಾರು ಎರಡು ಮೀಟರ್ ಎತ್ತರದಲ್ಲಿ, ನೆರಳಿನಲ್ಲಿ ಅಳೆಯುತ್ತಾರೆ. ಚಕ್ರ ಉರುಳುವುದು ರಸ್ತೆಯ ಮೇಲ್ಮೈಯಲ್ಲಿ. ಮೋಡವಿಲ್ಲದ ರಾತ್ರಿಯಲ್ಲಿ ರಸ್ತೆ ತನ್ನ ಬಿಸಿಯನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ತಣ್ಣಗಾಗಬಹುದು. ಆಗ ಗಾಳಿಯ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸುತ್ತಿದ್ದರೂ ರಸ್ತೆಯ ಮೇಲಿನ ತೇವ ಹೆಪ್ಪುಗಟ್ಟಿರುತ್ತದೆ. ಸೇತುವೆಗಳ ಸ್ಥಿತಿ ಇನ್ನೂ ಕಷ್ಟ. ಅವುಗಳ ಕೆಳಗೂ ಗಾಳಿಯೇ ಇರುವುದರಿಂದ ಎರಡೂ ಕಡೆಯಿಂದ ಬಿಸಿ ಹೋಗುತ್ತದೆ, ಮಣ್ಣಿನ ಬಿಸಿ ಅವುಗಳಿಗೆ ಸಿಗುವುದಿಲ್ಲ. ಹೀಗಾಗಿ ಒಂದೇ ರಸ್ತೆಯಲ್ಲಿ ನೂರು ಮೀಟರ್ ಅಂತರದಲ್ಲಿ ಒದ್ದೆ ಡಾಂಬರು ಮತ್ತು ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಎರಡೂ ಇರಬಹುದು. ಚಾಲಕರು ಬ್ಲ್ಯಾಕ್ ಐಸ್ ಎಂದು ಕರೆಯುವುದು ಇದನ್ನೇ. ಒಣ ರಸ್ತೆಗೆ ಹೋಲಿಸಿದರೆ ಮಂಜುಗಡ್ಡೆಯ ಮೇಲೆ ವಾಹನ ನಿಲ್ಲಲು ಹತ್ತು ಪಟ್ಟು ದೂರ ಬೇಕಾಗಬಹುದು.

2021ರ ಫೆಬ್ರವರಿ 11ರ ನಸುಕಿನಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರದಲ್ಲಿ ಅಂತರರಾಜ್ಯ ಹೆದ್ದಾರಿ 35ರ ಪಶ್ಚಿಮ ಕವಲಿನಲ್ಲಿ 130ಕ್ಕೂ ಹೆಚ್ಚು ವಾಹನಗಳು ಸಿಲುಕಿ 6 ಮಂದಿ ಸತ್ತ ಜಾಗ ಇಂಥ ಎತ್ತರಿಸಿದ ರಸ್ತೆಯೇ ಆಗಿತ್ತು. ಮಂಜುಗಡ್ಡೆ ಕಟ್ಟದಿರಲೆಂದು ಅಲ್ಲಿಗೆ ಎರಡು ದಿನ ಮೊದಲೇ ಉಪ್ಪುನೀರು ಸಿಂಪಡಿಸಲಾಗಿತ್ತು. ಆ ಮೇಲೆ ಬಿದ್ದ, ನೆಲ ಮುಟ್ಟಿದೊಡನೆ ಮಂಜುಗಡ್ಡೆಯಾಗುವ ಹೆಪ್ಪುಮಳೆಯಲ್ಲಿ ರಸ್ತೆ ಜಾರುತ್ತಿದೆ ಎಂಬುದನ್ನು ಸಮಯಕ್ಕೆ ಸರಿಯಾಗಿ ಗುರುತಿಸಿ ಮತ್ತೆ ಸಿಂಪಡಿಸಲಿಲ್ಲ. ರಸ್ತೆಯ ಸ್ಥಿತಿಯನ್ನು ಪರಿಣಾಮಕಾರಿಯಾಗಿ ಗಮನಿಸಿ ನಿಭಾಯಿಸದೇ ಹೋದದ್ದೇ ಅಪಘಾತದ ಕಾರಣವೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆಯ ಕೊನೆಗೆ ಹೇಳಿತು. ಚಳಿ ಬರುತ್ತದೆ ಎಂಬ ಮಾಹಿತಿಗೆ ಆ ನಗರದಲ್ಲಿ ಕೊರತೆಯಿರಲಿಲ್ಲ. ಬೇಕಾಗಿದ್ದದ್ದು ಆ ಮೇಲ್ಸೇತುವೆಯ ಮೈ ಆ ಕ್ಷಣಕ್ಕೆ ಎಷ್ಟು ತಣ್ಣಗಿದೆ, ಎಷ್ಟು ಒದ್ದೆಯಾಗಿದೆ ಎಂಬ ಮಾಹಿತಿ.

ಅದಕ್ಕಾಗಿಯೇ ರಸ್ತೆಯೊಳಗೆ ಹುದುಗಿಸುವ ಸಂವೇದಕಗಳು, ಪಕ್ಕದಲ್ಲಿ ನಿಲ್ಲಿಸುವ ಪುಟ್ಟ ಹವಾಮಾನ ಕೇಂದ್ರಗಳು ಇವೆ. ಇವನ್ನು ರಸ್ತೆ ಹವಾಮಾನ ಮಾಹಿತಿ ವ್ಯವಸ್ಥೆ ಎನ್ನುತ್ತಾರೆ. ಸಾಮಾನ್ಯವಾಗಿ ಇವು ಸಾರಿಗೆ ಇಲಾಖೆಗಳ ಸ್ವತ್ತು, ಮುನ್ಸೂಚನೆಯ ಮಾದರಿಗಳು ಹವಾಮಾನ ಸಂಸ್ಥೆಯ ಸ್ವತ್ತು. ಎರಡನ್ನೂ ಒಂದೇ ಪರದೆಯಲ್ಲಿ ನೋಡುವವರು ಯಾರು ಎಂಬ ಪ್ರಶ್ನೆಯಿಂದಲೇ ಸಮನ್ವಯದ ಚರ್ಚೆ ಶುರುವಾಗುತ್ತದೆ.

ಎರಡು ಸಂಸ್ಥೆ, ಎರಡು ನಕ್ಷೆ

ಅಮೆರಿಕದ ಸರ್ಕಾರಿ ಹವಾಮಾನ ಸೇವೆಯಾದ ನ್ಯಾಷನಲ್ ವೆದರ್ ಸರ್ವಿಸ್‌ಗೆ 122 ಮುನ್ಸೂಚನಾ ಕಚೇರಿಗಳಿವೆ. ಪ್ರತಿಯೊಂದೂ ತನ್ನ ಪಾಲಿನ ಕೌಂಟಿಗಳಿಗೆ ಮುನ್ಸೂಚನೆ ಬರೆಯುತ್ತದೆ. ಹೆದ್ದಾರಿಗಳು ಮಾತ್ರ ರಾಜ್ಯ ಸಾರಿಗೆ ಇಲಾಖೆಗಳ ಕೈಯಲ್ಲಿವೆ, ಕೆಲವೆಡೆ ಶುಲ್ಕ ವಸೂಲಿ ಮಾಡುವ ಖಾಸಗಿ ನಿರ್ವಾಹಕರ ಕೈಯಲ್ಲಿವೆ. ಒಂದೇ ಹೆದ್ದಾರಿಯಲ್ಲಿ ಒಂದು ದಿನ ಪ್ರಯಾಣ ಮಾಡುವವನು ಮೂರ್ನಾಲ್ಕು ಮುನ್ಸೂಚನಾ ಕಚೇರಿಗಳ, ಎರಡು ಮೂರು ರಾಜ್ಯಗಳ ಗಡಿ ದಾಟುತ್ತಾನೆ. ಅವನಿಗೆ ಬೇಕಾದದ್ದು ತಾನು ಹೋಗುವ ದಾರಿಯಲ್ಲಿ, ತಾನು ತಲುಪುವ ಹೊತ್ತಿಗೆ ಏನಿರುತ್ತದೆ ಎಂಬುದು. ಸಿಗುವುದು ಕೌಂಟಿವಾರು ಹಿಮದ ಅಂದಾಜು, ಅದೂ ಇಡೀ ದಿನದ ಮೊತ್ತ. ಹತ್ತು ಸೆಂಟಿಮೀಟರ್ ಹಿಮ ಇಡೀ ರಾತ್ರಿ ನಿಧಾನವಾಗಿ ಬೀಳುವುದಕ್ಕೂ ಸಂಜೆ ಕಚೇರಿ ಬಿಡುವ ಹೊತ್ತಿನ ಎರಡು ಗಂಟೆಗಳಲ್ಲಿ ಸುರಿಯುವುದಕ್ಕೂ ರಸ್ತೆಯ ಮಟ್ಟಿಗೆ ಅಜಗಜಾಂತರವಿದೆ.

ಭಾಷೆಯೂ ಬೇರೆ. ಮುನ್ಸೂಚಕರು ಸಾಧ್ಯತೆಯ ಲೆಕ್ಕದಲ್ಲಿ ಮಾತಾಡುತ್ತಾರೆ: ಹೆಪ್ಪುಮಳೆಯ ಸಾಧ್ಯತೆ ಶೇಕಡಾ 40. ರಸ್ತೆ ಎಂಜಿನಿಯರ್ ಮಧ್ಯಾಹ್ನದೊಳಗೆ ಹೌದು ಅಥವಾ ಇಲ್ಲ ಎಂದು ತೀರ್ಮಾನಿಸಬೇಕು. ರಾತ್ರಿ ಪಾಳಿಗೆ ಚಾಲಕರನ್ನು ಕರೆಸಬೇಕೇ, ಉಪ್ಪುನೀರು ಸಿಂಪಡಿಸಬೇಕೇ, ಯಾವ ಘಟ್ಟದ ದಾರಿಗೆ ಯಂತ್ರಗಳನ್ನು ಮೊದಲು ಕಳಿಸಬೇಕು? ಮೊದಲು ಮಳೆ ಬಂದರೆ ಸಿಂಪಡಿಸಿದ್ದು ಕೊಚ್ಚಿಹೋಗುತ್ತದೆ. ರಸ್ತೆ ಸುಮಾರು ಮೈನಸ್ 9 ಡಿಗ್ರಿಗಿಂತ ತಣ್ಣಗಾದರೆ ಸಾಧಾರಣ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಶೇಕಡಾ 40 ಎಂಬ ಸಂಖ್ಯೆಯನ್ನು ಇಂಥ ತೀರ್ಮಾನಗಳಿಗೆ ಇಳಿಸುವ ಕೆಲಸ ಯಾರದೆಂದು ಹಲವು ಕಡೆ ಯಾವ ಆದೇಶದಲ್ಲೂ ಬರೆದಿರುವುದಿಲ್ಲ.

ಹಿಮಕ್ಕಿಂತ ಮೊದಲು ವಾಹನಗಳು ತುಂಬಿದರೆ

ಪ್ರಯಾಣಿಕರಿಗೆ ಎಚ್ಚರಿಕೆ ಕೊಡುವುದು ಒಂದು ಕೆಲಸ, ರಸ್ತೆಯಿಂದ ಹಿಮ ತೆಗೆಯುವುದು ಇನ್ನೊಂದು ಕೆಲಸ ಎಂದು ಮೇಲ್ನೋಟಕ್ಕೆ ತೋರುತ್ತದೆ. ನಿಜವಾಗಿ ಎರಡೂ ಒಂದೇ ಕೆಲಸದ ಎರಡು ತುದಿಗಳು. ಇದು ಅರ್ಥವಾಗದಿದ್ದರೆ ಇಡೀ ವಿಷಯವೇ ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು.

2014ರ ಜನವರಿ 28ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಬಿದ್ದದ್ದು ಐದಾರು ಸೆಂಟಿಮೀಟರ್ ಹಿಮ ಮಾತ್ರ. ಬೆಳಗಾಗುವ ಮುನ್ನವೇ ಹಿಮಬಿರುಗಾಳಿಯ ಎಚ್ಚರಿಕೆ ಹೊರಟಿತ್ತು. ಆದರೂ ಶಾಲೆಗಳು, ಸರ್ಕಾರಿ ಕಚೇರಿಗಳು, ಖಾಸಗಿ ಕಂಪನಿಗಳು ಎಂದಿನಂತೆ ತೆರೆದವು. ಮಧ್ಯಾಹ್ನ ಹಿಮ ಬೀಳತೊಡಗಿದಾಗ ಎಲ್ಲರೂ ಒಟ್ಟಿಗೇ ಮನೆಗೆ ಹೊರಟರು. ರಸ್ತೆಗಳು ನಿಮಿಷಗಳಲ್ಲಿ ತುಂಬಿದವು. ಚಕ್ರಗಳ ಕೆಳಗೆ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಟ್ರಕ್ಕುಗಳು ಅಡ್ಡಡ್ಡ ಜಾರಿ ನಿಂತವು. ಆಗ ಉಪ್ಪು ಹಾಕಬೇಕಾದ ವಾಹನಗಳಿಗೂ ಮುಂದೆ ಹೋಗಲು ದಾರಿಯಿರಲಿಲ್ಲ, ಏಕೆಂದರೆ ಅವುಗಳ ಮುಂದೆ ನಿಂತಿದ್ದದ್ದು ಅವು ಕಾಪಾಡಬೇಕಾಗಿದ್ದ ಕಾರುಗಳೇ. ಸಾವಿರಾರು ಮಕ್ಕಳು ಶಾಲೆಗಳಲ್ಲೇ ರಾತ್ರಿ ಕಳೆಯಬೇಕಾಯಿತು.

ಎಂಟು ವರ್ಷಗಳ ನಂತರ, 2022ರ ಜನವರಿ 3ರಂದು, ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಬಳಿ ಅಂತರರಾಜ್ಯ ಹೆದ್ದಾರಿ 95ರಲ್ಲಿ ಅದೇ ಸರಪಳಿ ಬೇರೆ ರೂಪದಲ್ಲಿ ಕಂಡಿತು. ಮೊದಲು ಮಳೆ ಬರುತ್ತದೆ ಎಂಬ ಕಾರಣಕ್ಕೆ ಉಪ್ಪುನೀರು ಸಿಂಪಡಿಸಿರಲಿಲ್ಲ. ಆ ತೀರ್ಮಾನ ತಾಂತ್ರಿಕವಾಗಿ ಸರಿಯಾಗಿಯೇ ಇತ್ತು. ಆಮೇಲೆ ಗಂಟೆಗೆ ಸುಮಾರು 5 ಸೆಂಟಿಮೀಟರಿನಷ್ಟು ಹಿಮ ಬಿತ್ತು. ಟ್ರಕ್ಕುಗಳು ಅಡ್ಡ ನಿಂತವು, ಯಂತ್ರಗಳು ಹಿಂದೆ ಉಳಿದವು. ಕೆಲವರು 24 ಗಂಟೆಗೂ ಹೆಚ್ಚು ಹೊತ್ತು ಕಾರಿನಲ್ಲೇ ಕುಳಿತರು. ಆ ರಾಜ್ಯದ ಸೆನೆಟರ್ ಟಿಮ್ ಕೇನ್ ಅವರು ವಾಷಿಂಗ್ಟನ್ ತಲುಪಲು 27 ಗಂಟೆ ಹಿಡಿಯಿತು. ಸಿಂಪಡಿಸಲು ಆಗದು ಎಂದು ಗೊತ್ತಾದ ಕ್ಷಣದಲ್ಲೇ ರಸ್ತೆಯನ್ನು ಕಾಪಾಡುವ ಇನ್ನೊಂದು ಉಪಾಯ ಉಳಿದಿತ್ತು: ಆ ದಾರಿಗೆ ಟ್ರಕ್ಕುಗಳು ಬರುವುದನ್ನೇ ಕಡಿಮೆ ಮಾಡುವುದು. ಆ ಉಪಾಯ ಉಪ್ಪಿನ ಗೋದಾಮಿನಲ್ಲಿ ಇರುವುದಿಲ್ಲ, ಸಾರ್ವಜನಿಕರಿಗೆ ಹೇಳುವ ಮಾತಿನಲ್ಲಿರುತ್ತದೆ. ಹಿಂದಿನ ರಾತ್ರಿಯೇ ಹೊರಟ ಖಚಿತವಾದ ಒಂದು ಮಾತು ಹತ್ತು ಹಿಮ ತೆಗೆಯುವ ಯಂತ್ರಗಳ ಕೆಲಸ ಮಾಡಬಲ್ಲದು ಎಂದರೆ ಉತ್ಪ್ರೇಕ್ಷೆಯಾಗದು, ಏಕೆಂದರೆ ಖಾಲಿ ರಸ್ತೆಯಲ್ಲಷ್ಟೇ ಆ ಯಂತ್ರಗಳು ಓಡಬಲ್ಲವು.

ಒಂದೇ ದನಿಯ ಪ್ರಯತ್ನ

ಈ ಖಾಲಿ ಜಾಗವನ್ನು ತುಂಬಲು ಅಮೆರಿಕದಲ್ಲಿ ರೂಪುಗೊಂಡ ಕ್ರಮದ ಹೆಸರು ‘ಪಾತ್‌ಫೈಂಡರ್’. ಉಟಾದಂಥ ಪಶ್ಚಿಮದ ರಾಜ್ಯಗಳಲ್ಲಿ ಮೊದಲು ಪ್ರಯೋಗವಾದ ಇದನ್ನು ಫೆಡರಲ್ ಹೆದ್ದಾರಿ ಆಡಳಿತ 2017ರಿಂದ ಇತರ ರಾಜ್ಯಗಳಿಗೂ ಶಿಫಾರಸು ಮಾಡತೊಡಗಿತು. ಇದರಲ್ಲಿ ಹೊಸ ಯಂತ್ರವೇನೂ ಇಲ್ಲ. ಹಿಮ ಬರುವ ಸೂಚನೆ ಸಿಕ್ಕ ಕೂಡಲೇ ಹವಾಮಾನ ಸೇವೆಯ ಮುನ್ಸೂಚಕರು, ಸಾರಿಗೆ ಇಲಾಖೆಯ ಅಧಿಕಾರಿಗಳು, ಇಲಾಖೆ ನೇಮಿಸಿಕೊಂಡ ಖಾಸಗಿ ಹವಾಮಾನ ತಜ್ಞರು ಫೋನಿನಲ್ಲಿ ಸೇರುತ್ತಾರೆ. ಯಾವ ದಾರಿ, ಯಾವ ಗಂಟೆ, ಎಷ್ಟು ತೊಂದರೆ ಎಂಬುದನ್ನು ಒಪ್ಪಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಒಂದೇ ಮಾತನ್ನು ಜನರ ಮುಂದೆ ಇಡುತ್ತಾರೆ. ಹಿಮ ಇಷ್ಟು ಸೆಂಟಿಮೀಟರ್ ಎನ್ನುವ ಬದಲು, ಈ ಘಟ್ಟದ ದಾರಿಯಲ್ಲಿ ಸಂಜೆ ನಾಲ್ಕರಿಂದ ಎಂಟರವರೆಗೆ ಹೋಗಬೇಡಿ, ಮಧ್ಯಾಹ್ನವೇ ಹೊರಡಿ ಅಥವಾ ನಾಳೆ ಹೊರಡಿ ಎಂದು ಹೇಳುತ್ತಾರೆ. ಉಟಾ ರಾಜ್ಯದಲ್ಲಿ ಸಂಚಾರ ನಿಯಂತ್ರಣ ಕೇಂದ್ರದೊಳಗೇ ಹವಾಮಾನ ತಜ್ಞರು ಕುಳಿತು ಕೆಲಸ ಮಾಡುತ್ತಾರೆ.

ಇದಕ್ಕೆ ಆಕ್ಷೇಪವೂ ಇದೆ. ಎಲ್ಲರೂ ಒಂದೇ ಮಾತು ಹೇಳಬೇಕೆಂದರೆ ಭಿನ್ನವಾಗಿ ಯೋಚಿಸುವ ಮುನ್ಸೂಚಕನ ಅಭಿಪ್ರಾಯ ಮುಚ್ಚಿಹೋಗುವುದಿಲ್ಲವೇ? ಸಂಜೆಯ ಮಾತು ತಪ್ಪಾದರೆ ಎಲ್ಲರೂ ಒಟ್ಟಿಗೇ ತಪ್ಪಿದಂತಾಗುವುದಿಲ್ಲವೇ? ಆಕ್ಷೇಪ ಪೊಳ್ಳಲ್ಲ. ಆದರೆ ಭಿನ್ನಮತಕ್ಕೆ ಜಾಗವಿರಬೇಕಾದದ್ದು ಆ ಫೋನ್ ಮಾತುಕತೆಯೊಳಗೆ. ಒಂದು ಆ್ಯಪ್ 5 ಸೆಂಟಿಮೀಟರ್ ಎಂದು, ಟಿ.ವಿ. 20 ಸೆಂಟಿಮೀಟರ್ ಎಂದು, ಹೆದ್ದಾರಿಯ ಫಲಕ ‘ಎಚ್ಚರಿಕೆಯಿಂದ ಚಲಿಸಿ’ ಎಂದಷ್ಟೇ ಹೇಳಿದಾಗ, ಪ್ರಯಾಣಿಕ ತನಗೆ ಅನುಕೂಲವಾದದ್ದನ್ನು ನಂಬಿ ಹೊರಟುಬಿಡುತ್ತಾನೆ.

ಅರ್ಧ ಗಂಟೆಯ ಅಪಾಯ

ಇಷ್ಟೆಲ್ಲ ಸಮನ್ವಯವೂ ಸ್ಕೂಲ್‌ಕಿಲ್ ಕೌಂಟಿಯಲ್ಲಿ ಬೀಸಿದಂಥ ‘ಸ್ನೋ ಸ್ಕ್ವಾಲ್’ ಮುಂದೆ ತಡವರಿಸುತ್ತದೆ. ದೊಡ್ಡ ಹಿಮಬಿರುಗಾಳಿಯನ್ನು ದಿನಗಳ ಮೊದಲೇ ಕಾಣಬಹುದು. ಸ್ಕ್ವಾಲ್ ಬರುವುದು ಬಿಸಿಲಿನ ನಡುವೆ, ಇರುವುದು ಅರ್ಧದಿಂದ ಒಂದು ಗಂಟೆ, ಬೀಳಿಸುವ ಹಿಮ ಎರಡು ಮೂರು ಸೆಂಟಿಮೀಟರ್ ದಾಟದಿರಬಹುದು. ಆದರೆ ಅದರೊಳಗೆ ಕಣ್ಣಿಗೆ ಕಾಣುವ ದೂರ 400 ಮೀಟರಿಗಿಂತ ಕೆಳಗಿಳಿಯುತ್ತದೆ, ಉಷ್ಣತೆ ಒಮ್ಮೆಲೇ ಕುಸಿದು ರಸ್ತೆ ಹೆಪ್ಪುಗಟ್ಟುತ್ತದೆ. ಹಿಮದ ಮೊತ್ತದ ಮೇಲೆ ನಿಂತ ಹಳೆಯ ಎಚ್ಚರಿಕೆಗಳು ಇದನ್ನು ಹಿಡಿಯುತ್ತಿರಲಿಲ್ಲ. ಅದಕ್ಕಾಗಿ 2018ರಲ್ಲಿ ಪ್ರತ್ಯೇಕ ಸ್ಕ್ವಾಲ್ ಎಚ್ಚರಿಕೆ ಆರಂಭವಾಯಿತು. ಅದು ಸಣ್ಣ ಪ್ರದೇಶಕ್ಕೆ, ಅಲ್ಪ ಅವಧಿಗೆ ಹೊರಡುತ್ತದೆ, ಅಪಾಯ ಹೆಚ್ಚಿದ್ದರೆ ಆ ಪ್ರದೇಶದ ಮೊಬೈಲ್‌ಗಳಲ್ಲಿ ಸದ್ದು ಮಾಡುತ್ತದೆ.

ಆದರೆ ಸದ್ದು ಕೇಳಿದ ಚಾಲಕ ಮಾಡಬೇಕಾದದ್ದೇನು? ಎರಡು ನಿರ್ಗಮನಗಳ ನಡುವೆ ಇರುವವನಿಗೆ ಹೊರಹೋಗುವ ದಾರಿಯಿಲ್ಲ. ಪಕ್ಕಕ್ಕೆ ನಿಂತರೆ ಹಿಂದಿನಿಂದ ಬರುವವನು ಅಪ್ಪಳಿಸಬಹುದು, ನಿಧಾನಿಸಿದರೂ ಅದೇ ಭಯ. ಅವನೊಬ್ಬನೇ ನಿಧಾನಿಸಿದರೆ ಸಾಲದು, ಹಿಂದಿನವರೆಲ್ಲರೂ ಏಕಕಾಲಕ್ಕೆ ನಿಧಾನಿಸಬೇಕು. ಅದನ್ನು ಮಾಡಿಸುವ ಶಕ್ತಿ ಮೊಬೈಲ್ ಸಂದೇಶಕ್ಕಿಲ್ಲ, ರಸ್ತೆಯ ಮೇಲಿನ ಬದಲಾಗುವ ವೇಗಮಿತಿ ಫಲಕಕ್ಕೆ ಇದೆ. ವಯೋಮಿಂಗ್ ರಾಜ್ಯ 2009ರಲ್ಲೇ ಅಂತರರಾಜ್ಯ ಹೆದ್ದಾರಿ 80ರ ಗಾಳಿ ಹೆಚ್ಚಿರುವ ಭಾಗದಲ್ಲಿ ಇಂಥ ಫಲಕಗಳನ್ನು ನಿಲ್ಲಿಸಿತು. ಎಚ್ಚರಿಕೆ ಹೊರಟ ಕೂಡಲೇ, ಮನುಷ್ಯರ ಅನುಮತಿಗೆ ಕಾಯದೆ, ಆ ಪ್ರದೇಶದ ಫಲಕಗಳ ವೇಗಮಿತಿ ಇಳಿಯಬೇಕು ಎಂಬ ವಾದಕ್ಕೆ ಇಲ್ಲಿ ಬಲವಿದೆ. ಅರ್ಧ ಗಂಟೆಯಲ್ಲಿ ಮುಗಿಯುವ ಅಪಾಯಕ್ಕೆ ಕಚೇರಿಯಿಂದ ಕಚೇರಿಗೆ ಫೋನ್ ಮಾಡುತ್ತಾ ಕೂರಲು ಸಮಯವಿರುವುದಿಲ್ಲ.

ಮುಚ್ಚಬೇಕೇ, ತೆರೆದಿಡಬೇಕೇ

ಅತಿ ತೀವ್ರವಾದ ವಾದ ನಡೆಯುವುದು ಹೆದ್ದಾರಿಯನ್ನು ಮೊದಲೇ ಮುಚ್ಚುವ ಬಗ್ಗೆ. ಸರಕು ಸಾಗಣೆಯವರ ಮಾತು ಹೀಗಿದೆ: ಮುಚ್ಚಿದ ಪ್ರತಿ ಗಂಟೆಯೂ ನಷ್ಟ, ಟ್ರಕ್ಕುಗಳಿಗೆ ನಿಲ್ಲಲು ಜಾಗವಿಲ್ಲ, ಹಿಮ ಬಾರದೇ ಹೋದರೆ ಆ ನಷ್ಟಕ್ಕೆ ಹೊಣೆ ಯಾರು? ಮುಚ್ಚಿದರೆ ಅಪಾಯವೆಲ್ಲ ಮಾಯವಾಗುವುದೂ ಇಲ್ಲ. 2021ರ ಡಿಸೆಂಬರ್ ಕೊನೆಯಲ್ಲಿ ಸಿಯೆರಾ ನೆವಾಡಾ ಪರ್ವತಗಳಲ್ಲಿ ಅಂತರರಾಜ್ಯ ಹೆದ್ದಾರಿ 80 ಮುಚ್ಚಿದಾಗ, ದಾರಿ ತೋರಿಸುವ ಆ್ಯಪ್‌ಗಳು ಪ್ರಯಾಣಿಕರನ್ನು ಹಿಮ ತೆಗೆಯದ ಬೆಟ್ಟದ ಕಿರುದಾರಿಗಳಿಗೆ ಕಳಿಸುತ್ತಿವೆ ಎಂಬ ದೂರು ಎದ್ದಿತು. ದೊಡ್ಡ ರಸ್ತೆಯ ಅಪಾಯ ಸಣ್ಣ ರಸ್ತೆಗೆ ವರ್ಗವಾದರೆ, ರಕ್ಷಣಾ ತಂಡ ತಲುಪುವುದು ಇನ್ನೂ ಕಷ್ಟ.

ಜಪಾನ್ ಈ ವಾದವನ್ನು ಒಂದು ಹಂತಕ್ಕೆ ಇತ್ಯರ್ಥ ಮಾಡಿಕೊಂಡ ದೇಶ. ಅಲ್ಲಿಯೂ ಬಹುಕಾಲ ರಸ್ತೆಯನ್ನು ಆದಷ್ಟು ಮುಚ್ಚದಿರುವುದೇ ನೀತಿಯಾಗಿತ್ತು. 2018ರ ಫೆಬ್ರವರಿಯಲ್ಲಿ ಫುಕುಯಿ ಪ್ರಾಂತ್ಯದ ರಾಷ್ಟ್ರೀಯ ಹೆದ್ದಾರಿ 8ರಲ್ಲಿ ಸುಮಾರು 1,500 ವಾಹನಗಳು, 2020ರ ಡಿಸೆಂಬರಿನಲ್ಲಿ ಕಾನ್‌ಎತ್ಸು ಎಕ್ಸ್‌ಪ್ರೆಸ್‌ವೇಯಲ್ಲಿ ಸುಮಾರು 2,100 ವಾಹನಗಳು ಹಿಮದಲ್ಲಿ ಹೂತುಹೋದವು. ಅದಾದ ಮೇಲೆ, 2021ರಲ್ಲಿ, ನೀತಿಯ ದಿಕ್ಕು ಬದಲಾಯಿತು: ಜೀವ ಮೊದಲು, ವಾಹನಗಳು ಸಾಲುಗಟ್ಟಿ ಸಿಲುಕುವುದನ್ನು ಹೇಗಾದರೂ ತಪ್ಪಿಸಬೇಕು, ಅದಕ್ಕಾಗಿ ಮುಂಚಿತವಾಗಿ ರಸ್ತೆ ಮುಚ್ಚಬಹುದು. ಈಗ ಭಾರಿ ಹಿಮದ ನಿರೀಕ್ಷೆಯಿದ್ದಾಗ ಹವಾಮಾನ ಸಂಸ್ಥೆಯವರೂ ಭೂಸಾರಿಗೆ ಸಚಿವಾಲಯದವರೂ ಜಂಟಿಯಾಗಿ ತುರ್ತು ಪ್ರಕಟಣೆ ಹೊರಡಿಸುತ್ತಾರೆ, ಅನಗತ್ಯ ಪ್ರಯಾಣ ಬೇಡವೆಂದು ಕೇಳಿಕೊಳ್ಳುತ್ತಾರೆ. ಎರಡು ಇಲಾಖೆಗಳು ಒಟ್ಟಿಗೆ ಆಡಿದ ಮಾತಿಗೆ ಇರುವ ತೂಕ ಬೇರೆಯೇ. ಸಾರಿಗೆ ಕಂಪನಿಯ ಮ್ಯಾನೇಜರ್ ಟ್ರಕ್ಕನ್ನು ತಡೆಹಿಡಿಯಲು ಅದು ಅವನಿಗೆ ಒಂದು ಆಧಾರ ಒದಗಿಸುತ್ತದೆ.

ಪದೇ ಪದೇ ಎಚ್ಚರಿಸಿದರೆ ಜನ ಕಿವಿಗೊಡುವುದಿಲ್ಲ, ತೋಳ ಬಂತು ತೋಳ ಕಥೆಯಂತಾಗುತ್ತದೆ ಎಂಬುದು ಇನ್ನೊಂದು ಪಕ್ಷ. ಜನರಿಗೆ ಬೇಸರ ತರಿಸುವುದು ಎಚ್ಚರಿಕೆಗಳ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ಅಸ್ಪಷ್ಟತೆ ಎಂಬುದು ಈ ಲೇಖಕರ ಅಭಿಪ್ರಾಯ. ಇಡೀ ರಾಜ್ಯಕ್ಕೆ ಎಚ್ಚರಿಕೆ ಕೊಟ್ಟು ಒಂದು ಮೂಲೆಯಲ್ಲಿ ಹಿಮ ಬಿದ್ದರೆ ಉಳಿದವರಿಗೆಲ್ಲ ಅದು ಹುಸಿ. ಒಂದು ದಾರಿಗೆ, ನಾಲ್ಕು ಗಂಟೆಗಳಿಗೆ ಕೊಟ್ಟ ಎಚ್ಚರಿಕೆ ಆ ದಾರಿಯಲ್ಲಿ ಇಲ್ಲದವರನ್ನು ತಟ್ಟುವುದೇ ಇಲ್ಲ.

ಮೊದಲೇ ಬರೆದಿಟ್ಟ ತೀರ್ಮಾನ

ಹಿಮ ಬೀಳುವಾಗ ತೀರ್ಮಾನ ತೆಗೆದುಕೊಳ್ಳುವುದು ಕಷ್ಟ. ಮುಚ್ಚಿದರೆ ಬೈಗುಳ, ಮುಚ್ಚದಿದ್ದರೆ ಸಾವು. ಈ ಭಾರವನ್ನು ಇಳಿಸುವ ದಾರಿಯೆಂದರೆ ತೀರ್ಮಾನವನ್ನು ಬೇಸಿಗೆಯಲ್ಲೇ ಬರೆದಿಡುವುದು. ಟೆನೆಸ್ಸಿಯ ಕ್ಯಾಲ್ಹೂನ್ ಬಳಿ 1990ರ ಡಿಸೆಂಬರ್ 11ರಂದು ದಟ್ಟ ಮಂಜಿನಲ್ಲಿ 99 ವಾಹನಗಳು ಡಿಕ್ಕಿಯಾಗಿ 12 ಮಂದಿ ಸತ್ತ ಮೇಲೆ ಅಲ್ಲಿ ಹೀಗೇ ಮಾಡಿದರು. ರಸ್ತೆ ಪಕ್ಕದ ಸಂವೇದಕಗಳು ಕಾಣುವ ದೂರವನ್ನು ಅಳೆಯುತ್ತವೆ. ದೂರ ಕಡಿಮೆಯಾದಂತೆ ವೇಗಮಿತಿ ಹಂತ ಹಂತವಾಗಿ ಇಳಿಯುತ್ತದೆ, ಸುಮಾರು 73 ಮೀಟರಿಗಿಂತ ಕಡಿಮೆಯಾದರೆ ಹೆದ್ದಾರಿಯ ಪ್ರವೇಶದ ಗೇಟುಗಳನ್ನು ಮುಚ್ಚುತ್ತಾರೆ. ಅಂಕಿ ಮೊದಲೇ ಒಪ್ಪಿತವಾಗಿರುವುದರಿಂದ ಆ ರಾತ್ರಿಯ ಅಧಿಕಾರಿ ಒಬ್ಬನೇ ಧೈರ್ಯ ತೋರಬೇಕಾಗಿಲ್ಲ. ಹಿಮಕ್ಕೆ ಇಂಥ ಒಂದೇ ಅಂಕಿ ಸಿಗುವುದಿಲ್ಲ, ರಸ್ತೆಯ ಉಷ್ಣತೆ, ಹಿಮ ಬೀಳುವ ವೇಗ, ಕಾಣುವ ದೂರ, ಸಂಚಾರದ ಒತ್ತಡ ಎಲ್ಲವನ್ನೂ ಸೇರಿಸಬೇಕು. ಆದರೂ ಮಾಡಲಾಗದ ಕೆಲಸವಲ್ಲ.

ಮುಂದಿನ ಚಳಿಗಾಲಗಳು

2025ರಲ್ಲಿ ಅಮೆರಿಕದ ಸರ್ಕಾರಿ ಉದ್ಯೋಗ ಕಡಿತದ ವೇಳೆ ಹವಾಮಾನ ಸೇವೆ ನೂರಾರು ಸಿಬ್ಬಂದಿಯನ್ನು ಕಳೆದುಕೊಂಡಿತು. ಕೆಲವು ಕಚೇರಿಗಳಿಗೆ ರಾತ್ರಿ ಪಾಳಿ ನಡೆಸುವುದೇ ಕಷ್ಟವಾಯಿತು. ನಂತರ ಮರುನೇಮಕಕ್ಕೆ ಅನುಮತಿ ಸಿಕ್ಕಿದೆ. ಆದರೆ ಮುನ್ಸೂಚಕನಿಗೂ ರಸ್ತೆ ಎಂಜಿನಿಯರಿಗೂ ನಡುವಿನ ನಂಬಿಕೆ ಹಲವು ಚಳಿಗಾಲಗಳ ಫೋನ್ ಕರೆಗಳಿಂದ ಬೆಳೆದಿರುತ್ತದೆ. ಹೊಸಬರು ಬಂದಾಗ ಅದನ್ನು ಮೊದಲಿನಿಂದ ಕಟ್ಟಬೇಕು. ಯಾವ ಇಳಿಜಾರಿನಲ್ಲಿ ಟ್ರಕ್ಕುಗಳು ಮೊದಲು ಜಾರುತ್ತವೆ ಎಂಬುದು ಮಾದರಿಗಳಲ್ಲಿ ಇರುವುದಿಲ್ಲ, ಹಳಬರ ನೆನಪಿನಲ್ಲಿರುತ್ತದೆ.

ಸಿದ್ಧತೆ ಕಡಿಮೆಯಿರುವ ದಕ್ಷಿಣದ ರಾಜ್ಯಗಳಲ್ಲಿ ಇದರ ಪರೀಕ್ಷೆ ಕಠಿಣ. 2025ರ ಜನವರಿ 21ರಂದು ಮೆಕ್ಸಿಕೋ ಕೊಲ್ಲಿಯ ತೀರದಲ್ಲಿ ಹಿಂದೆಂದೂ ಕಾಣದಂಥ ಹಿಮ ಬಿದ್ದು, ನ್ಯೂ ಆರ್ಲಿಯನ್ಸ್‌ನಲ್ಲಿ ಸುಮಾರು 20 ಸೆಂಟಿಮೀಟರ್ ದಾಖಲಾಯಿತು. 2014ರ ಅಟ್ಲಾಂಟಾಕ್ಕಿಂತ ಹೆಚ್ಚಿನ ಹಿಮ, ಅಲ್ಲಿಗಿಂತ ಕಡಿಮೆ ಯಂತ್ರಗಳು. ಆದರೆ ಹಿಮ ಬೀಳುವ ಮೊದಲೇ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು, ಶಾಲೆ ಕಚೇರಿಗಳಿಗೆ ರಜೆ ಸಾರಲಾಗಿತ್ತು, ಮನೆಯಲ್ಲೇ ಇರಿ ಎಂಬ ಮಾತು ಎಲ್ಲ ಕಡೆಯಿಂದ ಒಂದೇ ಧಾಟಿಯಲ್ಲಿ ಬಂದಿತ್ತು. ಲೂಸಿಯಾನಾದಲ್ಲಿ ಅಂತರರಾಜ್ಯ ಹೆದ್ದಾರಿ 10ರ ಉದ್ದನೆಯ ಭಾಗಗಳನ್ನು ಮುಚ್ಚಿದರು. ಕೆಲವು ಭಾಗಗಳು ದಿನಗಟ್ಟಲೆ ಮುಚ್ಚಿಯೇ ಇದ್ದವು, ಸರಕು ನಿಂತಿತು. ಅಟ್ಲಾಂಟಾದಂತೆ ಇಡೀ ಊರು ರಸ್ತೆಯಲ್ಲೇ ಸಿಲುಕಿ ರಾತ್ರಿ ಕಳೆಯುವ ಸ್ಥಿತಿ ಮಾತ್ರ ಅಲ್ಲಿ ಬರಲಿಲ್ಲ.